ಎಂಟು ಮಿಲಿಸೆಕೆಂಡಿನ ಸೂತ್ರ: ಒಂದು ಅರ್ಥವಿಮರ್ಶೆ

೧

ಶಾಸ್ತ್ರಗ್ರಂಥದ ಒಂದು ವಾಕ್ಯವು ತಾನು ಹುಟ್ಟಿದ ಪ್ರಕರಣವನ್ನು ಬಿಟ್ಟು ಬೇರೆಡೆಗೆ ಹೋದರೆ ಅದರ ಅರ್ಥಕ್ಕೆ ವ್ಯತ್ಯಾಸವೊದಗುವುದು ಸಹಜ. ವಾಕ್ಯವು ಚಿಕ್ಕದಾದಷ್ಟೂ ಈ ಅಪಾಯವು ಹೆಚ್ಚು. ಚಿಕ್ಕ ವಾಕ್ಯವು ಬೇಗನೆ ಕಂಠಸ್ಥವಾಗುತ್ತದೆ. ಅದರ ಹಿಂದಿರುವ ವಿಚಾರವು ಹಾಗೆ ಕಂಠಸ್ಥವಾಗುವುದಿಲ್ಲ. ವ್ಯಾಕರಣ ಮೀಮಾಂಸೆಗಳನ್ನು ಪಾಠಕ್ರಮದಿಂದ ಓದಿದವರಿಗೆ ಈ ಸಂಗತಿಯು ಸುಪರಿಚಿತವಾದುದು. ಆಧುನಿಕ ಶಿಲ್ಪಶಾಸ್ತ್ರಗಳಲ್ಲಿಯೂ ಇಂತಹ ವಾಕ್ಯಗಳುಂಟು. ಅವುಗಳಲ್ಲೊಂದು ಕಲ್ಲುಗಣಿಗಳ ಸ್ಫೋಟಕ್ಕೆ ಸಂಬಂಧಿಸಿದುದು. ಒಂದು ಕುಳಿಯ ಮದ್ದು ಸಿಡಿಯುವುದಕ್ಕೂ ಮತ್ತೊಂದು ಕುಳಿಯ ಮದ್ದು ಸಿಡಿಯುವುದಕ್ಕೂ ನಡುವೆ ೮ ಮಿಲಿಸೆಕೆಂಡು, ಎಂದರೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎಂಟು ಪಾಲು, ಅಂತರವಿದ್ದರೆ ಅವೆರಡನ್ನೂ ಬೇರೆ ಬೇರೆ ಸ್ಫೋಟಗಳೆಂದು ಎಣಿಸಬೇಕೆಂಬುದೇ ಆ ವಾಕ್ಯ.

ಈ ಸೂತ್ರವು ಯಾರಿಗೆ ಏನು ಮಾಡುತ್ತದೆಂಬುದನ್ನು ಮೊದಲು ತಿಳಿಯಬೇಕು. ಗಣಿಯಲ್ಲಿ ಮದ್ದು ಸಿಡಿದಾಗ ಸಮೀಪದ ಮನೆಗಳಿಗೆ ಎರಡು ಮಾರ್ಗಗಳಿಂದ ಬಾಧೆಯೊದಗುತ್ತದೆ. ನೆಲದ ಮೂಲಕ ಹೋಗುವ ಕಂಪವು ಒಂದು. ಗಾಳಿಯ ಮೂಲಕ ಹೋಗುವ ಒತ್ತಡದ ಅಲೆಯು ಇನ್ನೊಂದು. ಗೋಡೆ ಬಿರಿಯಿತು, ಹಂಚು ಜಾರಿತು, ಕಿಟಕಿಯ ಗಾಜು ನಡುಗಿತು ಎಂದು ಮನೆಯವನು ದೂರು ಕೊಟ್ಟಾಗ ಬರುವ ಉತ್ತರವು ಬಹುಮಟ್ಟಿಗೆ ಒಂದೇ: ‘ಕುಳಿಗಳ ನಡುವೆ ಎಂಟು ಮಿಲಿಸೆಕೆಂಡಿಗಿಂತ ಹೆಚ್ಚು ವಿಳಂಬವನ್ನು ಇಟ್ಟಿದೆ, ಪ್ರತಿ ವಿಳಂಬಕ್ಕೆ ಮದ್ದಿನ ತೂಕವು ಮಿತಿಯೊಳಗಿದೆ, ಆದುದರಿಂದ ಹಾನಿಗೆ ಅವಕಾಶವಿಲ್ಲ.’ ಇಲ್ಲಿ ‘ಆದುದರಿಂದ’ ಎಂಬ ಪದವೊಂದೇ ಎಲ್ಲ ಭಾರವನ್ನೂ ಹೊತ್ತಿದೆ. ಅದು ಹೊರಬಲ್ಲುದೆ ಎಂಬುದು ಈ ಲೇಖನದ ವಿಚಾರ. ಮನೆಯವನ ಮಾತು ಕೇಳಲ್ಪಡುವುದೂ ಕೇಳದೆ ಹೋಗುವುದೂ ಇದರ ನಿರ್ಣಯವನ್ನೇ ಅವಲಂಬಿಸಿರುವುದರಿಂದ ಇದನ್ನು ಬರಿಯ ಶಬ್ದವಿಚಾರವೆಂದು ಬಿಡುವಂತಿಲ್ಲ.

೨

ಸೂತ್ರದ ಮೂಲವನ್ನು ನೋಡಬೇಕು. ೧೮೩೧ರಲ್ಲಿ ಇಂಗ್ಲೆಂಡಿನ ವಿಲಿಯಂ ಬಿಕ್‌ಫರ್ಡನು ಮದ್ದಿಗೆ ಹಾಕುವ ಸುರಕ್ಷಿತವಾದ ಬತ್ತಿಯನ್ನು ಕಂಡುಹಿಡಿದನು. ಅಲ್ಲಿಂದ ಮೊದಲುಗೊಂಡು ಕುಳಿಗಳನ್ನು ಒಂದಾದಮೇಲೊಂದು ಸಿಡಿಸುವ ಉಪಾಯಗಳು ಬೆಳೆದವು. ಸೆಕೆಂಡಿನ ಅತ್ಯಲ್ಪ ಭಾಗಗಳಲ್ಲಿ ವಿಳಂಬವನ್ನು ಕೊಡುವ ಡಿಟೊನೇಟರುಗಳು ೧೯೪೦ರ ದಶಕದಲ್ಲಿ ಬಳಕೆಗೆ ಬಂದವು. ಸ್ಫೋಟದಿಂದ ಕಟ್ಟಡಗಳಿಗಾಗುವ ಹಾನಿಯನ್ನು ಅಮೆರಿಕದ ಗಣಿ ಇಲಾಖೆಯು ಇದಕ್ಕೂ ಮೊದಲೇ ಪರೀಕ್ಷಿಸತೊಡಗಿತ್ತು. ೧೯೪೨ರಲ್ಲಿ ಥೋನೆನ್ ಮತ್ತು ವಿಂಡಿಸ್ ಎಂಬ ವಿದ್ವಾಂಸರು ಪ್ರಕಟಿಸಿದ ಗ್ರಂಥದಲ್ಲಿ ಹಾನಿಯ ಅಳತೆಗೋಲು ನೆಲದ ವೇಗೋತ್ಕರ್ಷವಾಗಿತ್ತು. ಮುಂದಿನ ಪರೀಕ್ಷಕರು ಅದನ್ನು ಬಿಟ್ಟು ನೆಲದ ಕಣವು ಅಲುಗುವ ಗರಿಷ್ಠ ವೇಗವನ್ನು ಅಳತೆಗೋಲಾಗಿ ಹಿಡಿದರು.

ಸೂತ್ರಕ್ಕೆ ನಿಜವಾದ ಬೀಜವು ೧೯೬೩ರ ವರದಿಯೊಂದರಲ್ಲಿದೆ. ಡ್ಯುವಾಲ್ ಮತ್ತು ಅವರ ಸಂಗಡಿಗರು ಅಯೋವಾ ಸಂಸ್ಥಾನದ ಆಲ್ಡೆನ್ ಎಂಬ ಊರಿನ ಬಳಿಯ ಸುಣ್ಣಕಲ್ಲಿನ ಗಣಿಯೊಂದರಲ್ಲಿ ಎರಡು ಬಗೆಯ ಸ್ಫೋಟಗಳನ್ನು ನಡೆಸಿ ಹೋಲಿಸಿದರು. ಎಲ್ಲ ಕುಳಿಗಳೂ ಒಮ್ಮೆಗೇ ಸಿಡಿಯುವುದು ಒಂದು ಬಗೆ. ೯, ೧೭, ೩೪ ಮಿಲಿಸೆಕೆಂಡುಗಳ ಅಂತರದಲ್ಲಿ ಸಿಡಿಯುವುದು ಇನ್ನೊಂದು. ಅಂತರವಿಟ್ಟು ಸಿಡಿಸಿದಾಗ ಕಂಪದ ಪ್ರಮಾಣವು ಒಟ್ಟು ಮದ್ದನ್ನು ಅನುಸರಿಸದೆ ಒಂದೊಂದು ವಿಳಂಬಕ್ಕೆ ಸಿಡಿಯುವ ಮದ್ದನ್ನು ಅನುಸರಿಸುತ್ತದೆಂಬುದು ಅವರಿಗೆ ಕಂಡುಬಂದ ಫಲ. ಪರೀಕ್ಷಿಸಿದ ಅಂತರಗಳಲ್ಲಿ ಅತ್ಯಲ್ಪವಾದುದು ೯. ಈ ಪರೀಕ್ಷೆಯ ಆಧಾರದ ಮೇಲೆಯೇ ಮುಂದೆ ೮ ಎಂಬ ಗಡಿಯು ವ್ಯವಹಾರದಲ್ಲಿ ನೆಲೆನಿಂತಿತು. ೧೯೭೧ರಲ್ಲಿ ನಿಕೋಲ್ಸ್, ಜಾನ್ಸನ್, ಡ್ಯುವಾಲ್ ಎಂಬವರ ಸಂಗ್ರಹಗ್ರಂಥವು ಈ ತತ್ತ್ವಕ್ಕೆ ವ್ಯಾಪಕವಾದ ಪ್ರಚಾರವನ್ನು ತಂದಿತು. ೧೯೮೩ರಲ್ಲಿ ಅದು ಅಮೆರಿಕದ ಮೇಲ್ಮೈ ಕಲ್ಲಿದ್ದಲು ಗಣಿಗಳ ನಿಬಂಧನೆಯಲ್ಲಿ ಶಾಸನದ ರೂಪವನ್ನು ತಾಳಿತು.

ಇದರ ಪ್ರಯೋಜನವು ಅಲ್ಪವಲ್ಲ. ೧೯೭೧ರ ಗ್ರಂಥದಲ್ಲಿ, ಯಂತ್ರದಿಂದ ಅಳೆಯದಿದ್ದ ಪಕ್ಷದಲ್ಲಿ ಇರಬೇಕಾದ ದೂರಕ್ಕೆ ಒಂದು ಲೆಕ್ಕವುಂಟು. ಮೆಟ್ರಿಕ್ ಮಾನಕ್ಕೆ ತಿರುಗಿಸಿದರೆ, ಮದ್ದಿನ ಕಿಲೋಗ್ರಾಂ ತೂಕದ ವರ್ಗಮೂಲವನ್ನು ಸುಮಾರು ೨೨.೬ರಿಂದ ಗುಣಿಸಿದಷ್ಟು ಮೀಟರು ದೂರವಿರಬೇಕು. ಕುಳಿಯೊಂದಕ್ಕೆ ೧೦೦ ಕಿಲೋಗ್ರಾಂ ಮದ್ದಿರುವ ೨೦ ಕುಳಿಗಳನ್ನು ಒಮ್ಮೆಗೇ ಸಿಡಿಸಿದರೆ ತೂಕವು ೨೦೦೦. ದೂರವು ಸುಮಾರು ೧೦೧೦ ಮೀಟರು. ಅವನ್ನೇ ಬಿಡಿಬಿಡಿಯಾಗಿ ಸಿಡಿಸಿದರೆ ಲೆಕ್ಕಕ್ಕೆ ಬರುವ ತೂಕವು ೧೦೦; ದೂರವು ೨೨೬ ಮೀಟರು. ಮದ್ದು ಅಷ್ಟೇ, ಒಡೆಯುವ ಕಲ್ಲೂ ಅಷ್ಟೇ. ಕಾಲವಿಭಾಗವೊಂದರಿಂದ ದೂರದಲ್ಲಿ ಇಷ್ಟು ಭೇದವುಂಟಾಗುತ್ತದೆ. ಈ ಉಪಕಾರವನ್ನು ಒಪ್ಪಿಕೊಂಡೇ ಮುಂದಿನ ವಿಮರ್ಶೆಯು ಹೊರಡತಕ್ಕದ್ದು.

೩

ಈಗ ಸೂತ್ರದ ಜಾತಿಯನ್ನು ನಿರ್ಣಯಿಸಬೇಕು. ಪಾಣಿನೀಯರು ಸಂಜ್ಞಾಸೂತ್ರ, ಪರಿಭಾಷಾಸೂತ್ರ, ವಿಧಿಸೂತ್ರ ಮೊದಲಾದ ಭೇದಗಳನ್ನು ಮಾಡಿದ್ದಾರೆ. ಸಂಜ್ಞಾಸೂತ್ರವು ಒಂದು ಹೆಸರು ಯಾವುದಕ್ಕೆ ಸಲ್ಲುತ್ತದೆಂದು ಹೇಳಿ ಸುಮ್ಮನಾಗುತ್ತದೆ. ಅದರಿಂದ ಯಾವ ಕಾರ್ಯವೂ ತಾನಾಗಿ ನಡೆಯುವುದಿಲ್ಲ. ಕಾರ್ಯವನ್ನು ನಡೆಸತಕ್ಕುದು ವಿಧಿಸೂತ್ರ. ಸಂಜ್ಞೆಯನ್ನು ವಿಧಿಯೆಂದು ಓದಿದರೆ ವ್ಯಾಕರಣವೇ ಕೆಟ್ಟುಹೋಗುವುದು.

೧೯೮೩ರ ನಿಬಂಧನೆಯನ್ನು ಈ ದೃಷ್ಟಿಯಿಂದ ನೋಡಿದರೆ ಎಂಟು ಮಿಲಿಸೆಕೆಂಡಿನ ಮಾತು ಕಾಣಿಸಿಕೊಳ್ಳುವ ಸ್ಥಳವು ಗಮನಾರ್ಹವಾಗಿದೆ. ದೂರದ ಲೆಕ್ಕದಲ್ಲಿ ಬರುವ ‘ತೂಕ’ ಎಂಬ ಪದಕ್ಕೆ ಅರ್ಥ ಹೇಳುವಲ್ಲಿ ಅದು ಬಂದಿದೆ: ಯಾವುದೇ ೮ ಮಿಲಿಸೆಕೆಂಡುಗಳ ಅವಧಿಯೊಳಗೆ ಸಿಡಿಯುವ ಮದ್ದಿನ ಗರಿಷ್ಠ ಪ್ರಮಾಣವು ಅಲ್ಲಿಯ ‘ತೂಕ’. ಹೀಗಿರಲು ಇದು ಸ್ಪಷ್ಟವಾಗಿ ಸಂಜ್ಞಾಸೂತ್ರ. ಎಂಟು ಮಿಲಿಸೆಕೆಂಡು ಕಳೆದರೆ ಕಂಪಗಳು ಕೂಡುವುದಿಲ್ಲವೆಂದು ಅದು ಹೇಳುತ್ತಿಲ್ಲ. ಮನೆಗೆ ಹಾನಿಯಿಲ್ಲವೆಂದು ಮೊದಲೇ ಹೇಳುತ್ತಿಲ್ಲ. ಅದೇ ನಿಬಂಧನೆಯು ಕಂಪದ ವೇಗಕ್ಕೆ ಬೇರೆ ಮಿತಿಗಳನ್ನೂ ಗಾಳಿಯ ಒತ್ತಡಕ್ಕೆ ಬೇರೆ ಮಿತಿಗಳನ್ನೂ ವಿಧಿಸಿರುವುದೇ ಇದಕ್ಕೆ ಸಾಕ್ಷಿ. ಸಂಜ್ಞೆಯೊಂದರಿಂದಲೇ ಫಲವು ಸಿದ್ಧಿಸುವ ಪಕ್ಷದಲ್ಲಿ ಆ ವಿಧಿಗಳೆಲ್ಲವೂ ವ್ಯರ್ಥವಾಗುತ್ತಿದ್ದವು. ಶಾಸ್ತ್ರದಲ್ಲಿ ವ್ಯರ್ಥತೆಯನ್ನು ಕಲ್ಪಿಸುವ ವ್ಯಾಖ್ಯಾನವು ಗ್ರಾಹ್ಯವಲ್ಲ.

ಆದರೆ ಅದು ಗಣಿಯ ಕಾಗದಪತ್ರಗಳಿಗೆ ಇಳಿದಾಗ ವಿಧಿಯ ವೇಷವನ್ನು ತೊಟ್ಟಿದೆ. ದೂರಿಗೆ ಉತ್ತರವಾದಾಗ ಫಲಶ್ರುತಿಯೇ ಆಗಿಬಿಟ್ಟಿದೆ. ಅಯೋವಾ ಪ್ರಾಂತದ ಸುಣ್ಣಕಲ್ಲಿನ ಮೇಲೆ ಕಂಡ ಒಂದು ಫಲವು ಎಲ್ಲ ದೇಶದ ಎಲ್ಲ ನೆಲಕ್ಕೂ ಸಮನಾಗಿ ಸಲ್ಲುತ್ತದೆಂಬ ಊಹೆಯು ಇದರೊಳಗೆ ಅಡಗಿದೆ. ಆ ಊಹೆಯನ್ನು ಮುಂದೆ ಪರೀಕ್ಷಿಸಿದೆ.

೪

ಅನೇಕ ಘಟನೆಗಳು ಕ್ರಮವಾಗಿ ನಡೆದರೂ ಅತಿಶೀಘ್ರತೆಯಿಂದಾಗಿ ಏಕಕಾಲದಲ್ಲಿ ನಡೆದಂತೆ ತೋರುವುದಕ್ಕೆ ಪ್ರಾಚೀನರು ತಾವರೆಯ ಎಸಳುಗಳ ದೃಷ್ಟಾಂತವನ್ನು ಕೊಡುತ್ತಾರೆ. ಒಂದರಮೇಲೊಂದು ಜೋಡಿಸಿದ ನೂರು ಎಸಳುಗಳನ್ನು ಸೂಜಿಯಿಂದ ಚುಚ್ಚಿದರೆ ಎಲ್ಲವೂ ಒಮ್ಮೆಗೇ ಭೇದಿಸಿದಂತೆ ಕಾಣುತ್ತದೆ. ವಾಸ್ತವವಾಗಿ ಒಂದಾದಮೇಲೊಂದು ಭೇದಿಸುತ್ತವೆ. ರಸಧ್ವನಿಯಲ್ಲಿ ವಿಭಾವಾದಿಗಳಿಗೂ ರಸಕ್ಕೂ ಕ್ರಮವುಂಟು, ಅದು ಲಕ್ಷಿತವಾಗುವುದಿಲ್ಲವೆಂದು ಪ್ರತಿಪಾದಿಸುವಲ್ಲಿ ಆಲಂಕಾರಿಕರು ಇದನ್ನು ಬಳಸಿದ್ದಾರೆ. ‘ಅಸಂಲಕ್ಷ್ಯಕ್ರಮ’ ಎಂಬ ಆನಂದವರ್ಧನನ ಪರಿಭಾಷೆಯು ಸಾಹಿತ್ಯದ ಅಧ್ಯಾಪಕರಿಗೆ ನಿತ್ಯಪರಿಚಿತವಾದುದು. ಕ್ರಮವಿಲ್ಲದಿರುವುದು ಬೇರೆ, ಕ್ರಮವು ತಿಳಿಯದಿರುವುದು ಬೇರೆ ಎಂಬ ವಿವೇಕವು ಅದರ ಸಾರ.

ಗಣಿಯ ಸ್ಫೋಟವನ್ನು ಊರಿನವರು ಒಂದೇ ಗುಡುಗೆಂದು ಕೇಳುತ್ತಾರೆ. ಅದರೊಳಗೆ ಇಪ್ಪತ್ತೋ ಮೂವತ್ತೋ ಸ್ಫೋಟಗಳು ಕ್ರಮವಾಗಿ ನಡೆದಿರುತ್ತವೆ. ಭರ್ತೃಹರಿಯ ಮತದಲ್ಲಿ ನಾದಕ್ಕೆ ಕ್ರಮವುಂಟು, ಸ್ಫೋಟಕ್ಕೆ ಕ್ರಮವಿಲ್ಲ. ಇಲ್ಲಿಯಾದರೋ ಸ್ಫೋಟಕ್ಕೆ ಕ್ರಮವುಂಟು, ಕೇಳುವ ನಾದವು ಅಖಂಡ! ಶಬ್ದಸಾಮ್ಯವೊಂದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ಪ್ರಾಚೀನರು ಸಿಡಿಮದ್ದಿನ ಕಾಲಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದೂ ಅವಿವೇಕವೇ. ಅವರಿಂದ ಇಲ್ಲಿಗೆ ಬೇಕಾದುದು ಒಂದು ಪ್ರಶ್ನೆ ಮಾತ್ರ: ಕ್ರಮವು ಯಾರಿಗೆ ಲಕ್ಷ್ಯವಾಗಬೇಕು? ಕಿವಿಗೋ, ನೆಲಕ್ಕೋ, ಮನೆಯ ಗೋಡೆಗೋ?

ಕಿವಿಯು ಇಲ್ಲಿ ಪ್ರಮಾಣವಲ್ಲವೆಂಬುದರಲ್ಲಿ ವಿವಾದವಿಲ್ಲ. ಸೂತ್ರವನ್ನು ಹಿಡಿದವರು ಕುಳಿಯ ಬಾಯಲ್ಲಿಯ ಕಾಲವನ್ನು ಪ್ರಮಾಣವಾಗಿ ಇಟ್ಟುಕೊಳ್ಳುತ್ತಾರೆ. ಆದರೆ ಹಾನಿಯಾಗುವುದು ಮನೆಗೆ. ಮನೆಯ ಬಳಿ ನೆಲವು ಎಷ್ಟು ಶೀಘ್ರವಾಗಿ ಅಲುಗುತ್ತದೆಂಬುದರ ಮೇಲೆ ಎಂಟು ಮಿಲಿಸೆಕೆಂಡು ದೊಡ್ಡದೋ ಚಿಕ್ಕದೋ ಎಂಬುದು ನಿಂತಿದೆ. ಸಮೀಪದ ಗಟ್ಟಿಬಂಡೆಯಲ್ಲಿ ಕಂಪವು ಶೀಘ್ರ. ಅದು ಸೆಕೆಂಡಿಗೆ ೫೦ ಆವೃತ್ತಿಗಳೆಂದು ಇಟ್ಟುಕೊಂಡರೆ ಒಂದು ಆವೃತ್ತಿಗೆ ೨೦ ಮಿಲಿಸೆಕೆಂಡು. ಎರಡು ಸಮಾನವಾದ ಅಲೆಗಳ ನಡುವೆ ೮ ಮಿಲಿಸೆಕೆಂಡು ಅಂತರವಿದ್ದರೆ ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಬಹುಮಟ್ಟಿಗೆ ಎದುರಾಗುತ್ತದೆ. ಎರಡೂ ಕೂಡಿದ ಫಲವು ಒಂದು ಅಲೆಯ ಸುಮಾರು ೦.೬ ಪಾಲು ಮಾತ್ರ. ದಪ್ಪನಾದ ಮಣ್ಣಿನ ಮೇಲೆ, ದೂರದಲ್ಲಿ, ಕಂಪವು ಮಂದ. ಅದು ಸೆಕೆಂಡಿಗೆ ೧೦ ಆವೃತ್ತಿಗಳಾದರೆ ಒಂದು ಆವೃತ್ತಿಗೆ ೧೦೦ ಮಿಲಿಸೆಕೆಂಡು. ಆಗ ೮ ಮಿಲಿಸೆಕೆಂಡಿನ ಅಂತರವು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಉಬ್ಬಿನ ಮೇಲೆ ಉಬ್ಬು ಬೀಳುತ್ತದೆ. ಕೂಡಿದ ಫಲವು ಒಂದು ಅಲೆಯ ೧.೯ ಪಾಲಿಗೂ ಮಿಗಿಲು. ಗಣಿಯ ಕಾಗದದಲ್ಲಿ ಎರಡು ಸ್ಫೋಟಗಳು. ಮನೆಯ ಗೋಡೆಗೆ ಒಂದೇ, ಅದೂ ಇಮ್ಮಡಿಯಾದುದು.

ಇದು ಕೇವಲ ಕಲ್ಪನೆಯ ಲೆಕ್ಕವಲ್ಲ. ೧೯೮೦ರಲ್ಲಿ ಸಿಸ್ಕಿಂಡ್ ಮೊದಲಾದವರು ಅಮೆರಿಕದ ಗಣಿ ಇಲಾಖೆಯಿಂದಲೇ ಪ್ರಕಟಿಸಿದ ವರದಿಯಲ್ಲಿ ಸಣ್ಣ ವಾಸದ ಮನೆಗಳ ಸಹಜವಾದ ಓಲಾಟವು ಸೆಕೆಂಡಿಗೆ ೪ರಿಂದ ೧೨ ಆವೃತ್ತಿಗಳೆಂದು ನಿರೂಪಿತವಾಗಿದೆ. ಆದುದರಿಂದ ಮಂದವಾದ ಕಂಪವೇ ಮನೆಗೆ ಹೆಚ್ಚು ಅಪಾಯಕರ. ಆ ವರದಿಯು ೪೦ ಆವೃತ್ತಿಗಳಿಗೆ ಕಡಮೆಯಾದ ಕಂಪಕ್ಕೆ ಹಳೆಯ ಗಾರೆಗೋಡೆಯ ಮನೆಗಳಲ್ಲಿ ಸೆಕೆಂಡಿಗೆ ೧೨.೭ ಮಿಲಿಮೀಟರು, ಹೊಸ ಬಗೆಯ ಹಲಗೆಗೋಡೆಯ ಮನೆಗಳಲ್ಲಿ ೧೯ ಮಿಲಿಮೀಟರು ವೇಗದ ಮಿತಿಯನ್ನು ಸೂಚಿಸಿತು. ಅದಕ್ಕೆ ಮೇಲ್ಪಟ್ಟ ಶೀಘ್ರಕಂಪಕ್ಕೆ ೫೦.೮ ಮಿಲಿಮೀಟರಿನವರೆಗೆ ಅವಕಾಶವನ್ನು ಕೊಟ್ಟಿತು. ಎಂಟು ಮಿಲಿಸೆಕೆಂಡಿನ ಗಡಿಯು ಯಾವ ಮಂದಕಂಪದಲ್ಲಿ ದುರ್ಬಲವೋ, ಆ ಮಂದಕಂಪದಲ್ಲಿಯೇ ಮನೆಯೂ ದುರ್ಬಲವಾಗಿದೆ ಎಂಬುದು ಈ ಎರಡು ವರದಿಗಳನ್ನು ಜೊತೆಯಲ್ಲಿಟ್ಟು ಓದಿದಾಗ ಸ್ಪಷ್ಟವಾಗುತ್ತದೆ.

ಹಾಗಾದರೆ ಅಂತರವನ್ನು ಹೆಚ್ಚಿಸುತ್ತ ಹೋದರೆ ಸಾಕಲ್ಲವೆ ಎಂಬ ಆಕ್ಷೇಪವು ಏಳಬಹುದು. ಅದೂ ಸರಿಯಲ್ಲ. ತೊಟ್ಟಿಲನ್ನು ತೂಗುವವಳು ಅದು ಹಿಂದಿರುಗಿ ಬರುವ ಹೊತ್ತಿಗೆ ಸರಿಯಾಗಿ ಮತ್ತೆ ನೂಕುತ್ತಾಳೆ. ಸ್ವಲ್ಪ ಬಲದಿಂದಲೇ ತೊಟ್ಟಿಲು ದೊಡ್ಡದಾಗಿ ತೂಗುತ್ತದೆ. ೧೦ ಆವೃತ್ತಿಗಳ ನೆಲದಲ್ಲಿ ೧೦೦ ಮಿಲಿಸೆಕೆಂಡಿಗೊಮ್ಮೆ ಒಂದೊಂದು ಕುಳಿಯನ್ನು ಸಿಡಿಸಿದರೆ ಆಗುವುದೂ ಅದೇ. ಇದಕ್ಕೆ ಪ್ರತಿಯಾಗಿ ಅದೇ ನೆಲದಲ್ಲಿ ಹತ್ತು ಕುಳಿಗಳನ್ನು ೧೦ ಮಿಲಿಸೆಕೆಂಡಿನ ಅಂತರದಲ್ಲಿ ಸಿಡಿಸಿದರೆ ಅವು ಒಂದು ಪೂರ್ಣವಾದ ಆವೃತ್ತಿಯ ಉದ್ದಕ್ಕೂ ಹಂಚಿಹೋಗಿ ಉಬ್ಬುತಗ್ಗುಗಳು ಪರಸ್ಪರ ಬಹುಮಟ್ಟಿಗೆ ಕಳೆಯುತ್ತವೆ. ಮುಗಿಯುವ ಅಲೆಗಳಲ್ಲಿ ಈ ಕಳೆಯುವಿಕೆ ಪೂರ್ಣವಾಗದು. ಆದರೂ ತತ್ತ್ವವು ಇದರಿಂದ ತಿಳಿಯುತ್ತದೆ. ಆಸುಪಾಸಿನ ಎರಡು ಕುಳಿಗಳ ಅಂತರವೊಂದೇ ನಿರ್ಣಾಯಕವಲ್ಲ. ಎಲ್ಲ ಕುಳಿಗಳ ಕಾಲವಿನ್ಯಾಸವೂ ನೆಲದ ಸ್ವಭಾವವೂ ಕೂಡಿಯೇ ಫಲವನ್ನು ನಿರ್ಣಯಿಸುತ್ತವೆ.

೫

ಗಾಳಿಯ ವಿಷಯದಲ್ಲಿ ಸೂತ್ರದ ಕೊರತೆಯು ಇನ್ನೂ ಸ್ಪಷ್ಟವಾಗಿದೆ. ಶಬ್ದವು ವೀಚೀತರಂಗನ್ಯಾಯದಿಂದ ಅಲೆಯಿಂದ ಅಲೆಗೆ ಸಾಗುವುದೋ, ಕದಂಬಮುಕುಲನ್ಯಾಯದಿಂದ ಎಲ್ಲ ದಿಕ್ಕುಗಳಿಗೂ ಅರಳುವುದೋ ಎಂದು ನೈಯಾಯಿಕರು ಚರ್ಚಿಸಿದ್ದಾರೆ. ಅವರು ಶಬ್ದವನ್ನು ಆಕಾಶದ ಗುಣವೆಂದರು. ಇಂದಿನ ಶಾಸ್ತ್ರವು ವಾಯುವಿನ ಒತ್ತಡವೆನ್ನುತ್ತದೆ. ಒಂದೇ ಕುಳಿಯ ಶಬ್ದವು ದಿಕ್ಕುದಿಕ್ಕಿಗೂ ಹರಡುವುದಾದರೂ, ಸಾಲಾದ ಹಲವು ಕುಳಿಗಳ ಶಬ್ದವು ಎಲ್ಲ ದಿಕ್ಕಿಗೂ ಒಂದೇ ಬಗೆಯಾಗಿ ತಲಪುವುದಿಲ್ಲವೆಂಬುದು ಇಲ್ಲಿಯ ವಿಶೇಷ.

ಕುಳಿಗಳು ಒಂದೇ ಸಾಲಿನಲ್ಲಿ ೫ ಮೀಟರಿಗೊಂದರಂತೆ ಇರಲಿ. ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು ೩೪೦ ಮೀಟರು. ೫ ಮೀಟರನ್ನು ದಾಟಲು ಅದಕ್ಕೆ ೧೪.೭ ಮಿಲಿಸೆಕೆಂಡು ಬೇಕು. ಕುಳಿಗಳ ನಡುವೆ ೧೫ ಮಿಲಿಸೆಕೆಂಡಿನ ವಿಳಂಬವನ್ನಿಟ್ಟು ಪೂರ್ವದಿಂದ ಪಶ್ಚಿಮಕ್ಕೆ ಸಿಡಿಸುತ್ತ ಹೋದರೆ, ಪಶ್ಚಿಮದ ಊರಿಗೆ ಮೊದಲ ಕುಳಿಯ ಅಲೆಯೂ ಎರಡನೆಯ ಕುಳಿಯ ಅಲೆಯೂ ೦.೩ ಮಿಲಿಸೆಕೆಂಡಿನ ಅಂತರದಲ್ಲಿ ತಲಪುತ್ತವೆ. ಮೂರನೆಯದೂ ನಾಲ್ಕನೆಯದೂ ಹಾಗೆಯೇ ಒಂದರ ಬೆನ್ನಮೇಲೊಂದು ಏರಿಬಿಡುತ್ತವೆ. ಪೂರ್ವದ ಊರಿಗಾದರೋ ಅವು ೨೯.೭ ಮಿಲಿಸೆಕೆಂಡಿಗೊಂದರಂತೆ ಬಿಡಿಯಾಗಿ ಬರುತ್ತವೆ. ಸೂತ್ರದ ದೃಷ್ಟಿಯಲ್ಲಿ ಎರಡು ಊರಿಗೂ ೧೫ ಮಿಲಿಸೆಕೆಂಡು. ವಾಸ್ತವದಲ್ಲಿ ಒಂದಕ್ಕೆ ಏಕಕಾಲ, ಇನ್ನೊಂದಕ್ಕೆ ಕ್ರಮ. ಎರಡು ಸಮಾನವಾದ ಅಲೆಗಳು ಸರಿಯಾಗಿ ಕೂಡಿದರೆ ಒತ್ತಡವು ಇಮ್ಮಡಿಯಾಗಿ ೬ ಡೆಸಿಬಲ್ ಏರುತ್ತದೆ. ೧೨೭ ಡೆಸಿಬಲಿನ ಎರಡು ಅಲೆಗಳು ಹೀಗೆ ಕೂಡಿದರೆ, ಮಂದಶ್ರುತಿಯನ್ನೂ ಅಳೆಯುವ ಯಂತ್ರಕ್ಕೆ ೧೯೮೩ರ ಅಮೆರಿಕದ ನಿಬಂಧನೆಯು ಗೊತ್ತುಪಡಿಸಿದ ೧೩೩ ಡೆಸಿಬಲಿನ ಮಿತಿಯನ್ನು ಮುಟ್ಟುತ್ತವೆ.

ವಿಳಂಬವನ್ನು ೨೫ ಮಿಲಿಸೆಕೆಂಡಿಗೆ ಏರಿಸಿದರೆ ಪಶ್ಚಿಮಕ್ಕೆ ೧೦.೩, ಪೂರ್ವಕ್ಕೆ ೩೯.೭ ಮಿಲಿಸೆಕೆಂಡಿನ ಅಂತರವು ಬರುತ್ತದೆ. ೯ಕ್ಕೆ ಇಳಿಸಿದರೆ ಪಶ್ಚಿಮದಲ್ಲಿ ಕ್ರಮವೇ ತಲೆಕೆಳಗಾಗಿ, ಆಮೇಲೆ ಸಿಡಿದ ಕುಳಿಯ ಅಲೆಯು ೫.೭ ಮಿಲಿಸೆಕೆಂಡು ಮೊದಲು ತಲಪುತ್ತದೆ. ಸ್ಫೋಟದ ಗಾಳಿಯಲ್ಲಿ ಮಂದಶ್ರುತಿಯೇ ಪ್ರಧಾನವಾದ ಕಾರಣ ಆ ಅಂತರವು ಅಲೆಗಳನ್ನು ಬೇರ್ಪಡಿಸಲು ಸಾಲದು. ಇದರಿಂದ ಎರಡು ನಿಯಮಗಳು ಫಲಿಸುತ್ತವೆ. ಕುಳಿಯಿಂದ ಕುಳಿಗೆ ವಿಳಂಬವು ಶಬ್ದವು ಅಷ್ಟು ದೂರವನ್ನು ದಾಟುವ ಕಾಲಕ್ಕೆ ಸಮೀಪವಾಗಿರದೆ ಅದಕ್ಕಿಂತ ಸಾಕಷ್ಟು ಹೆಚ್ಚಾಗಿರಬೇಕು. ಸ್ಫೋಟವು ಊರಿಗೆ ಹತ್ತಿರವಾದ ಕುಳಿಯಿಂದ ಆರಂಭವಾಗಿ ಊರಿನಿಂದ ದೂರಕ್ಕೆ ಸಾಗಬೇಕು. ಈ ಎರಡರಲ್ಲಿ ಒಂದನ್ನೂ ಎಂಟು ಮಿಲಿಸೆಕೆಂಡಿನ ಸೂತ್ರವು ಹೇಳುವುದಿಲ್ಲ. ಅದು ದಿಕ್ಕನ್ನೇ ಅರಿಯದು.

ಕಾಲವಿಭಾಗದಿಂದ ಎಲ್ಲ ಗಾಳಿಬಾಧೆಯೂ ನಿವಾರಣೆಯಾಗುತ್ತದೆಂದು ಹೇಳುವುದೂ ಅತಿವ್ಯಾಪ್ತಿಯಾದೀತು. ಕುಳಿಯ ಬಾಯಿಗೆ ತುಂಬಿದ ಜಲ್ಲಿ ಸಡಿಲವಾಗಿದ್ದರೆ ಅನಿಲವು ಮೇಲಕ್ಕೆ ಹಾರಿಬರುತ್ತದೆ. ಬಂಡೆಯ ಮುಖವು ತೆಳುವಾಗಿದ್ದರೆ ಮುಂದಕ್ಕೆ ನುಗ್ಗುತ್ತದೆ. ಮುಂಜಾನೆ ತಂಪಾದ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವಿದ್ದರೆ ಶಬ್ದವು ಬಾಗಿ ದೂರದ ಊರಿನ ಮೇಲೆ ಬೀಳುತ್ತದೆ. ಇವಕ್ಕೆ ಪರಿಹಾರವು ಬೇರೆ.

೬

ಇನ್ನೊಂದು ಸಂಶಯವುಂಟು. ಕಾಗದದಲ್ಲಿ ಬರೆದ ಕಾಲವೇ ಕುಳಿಯಲ್ಲಿ ಸಂಭವಿಸುವ ಕಾಲವೆಂದು ಹೇಗೆ ನಂಬುವುದು? ವಿಳಂಬಕ್ಕಾಗಿ ಡಿಟೊನೇಟರಿನೊಳಗೆ ಉರಿಯುವ ಮದ್ದನ್ನು ಇಟ್ಟಿರುವಲ್ಲಿ ಆ ಉರಿಯ ವೇಗವು ಪ್ರತಿಯೊಂದರಲ್ಲಿಯೂ ಕೊಂಚಕೊಂಚ ಭಿನ್ನವಾಗಿರುತ್ತದೆ. ನೂರಕ್ಕೆ ೫ರಷ್ಟು ವ್ಯತ್ಯಾಸವುಂಟೆಂದು ಇಟ್ಟುಕೊಂಡರೆ, ೪೭೫ ಮಿಲಿಸೆಕೆಂಡಿನದೆಂದು ಗುರುತಿಸಿದ ಡಿಟೊನೇಟರು ೪೯೮ರವರೆಗೆ ತಡವಾಗಬಹುದು. ೫೦೦ರದೆಂದು ಗುರುತಿಸಿದುದು ೪೭೫ಕ್ಕೇ ಸಿಡಿಯಬಹುದು. ೨೫ ಮಿಲಿಸೆಕೆಂಡಿನ ಅಂತರವು ಹೀಗೆ ಮಾಯವಾಗುತ್ತದೆ. ಪೂರ್ವಾಪರಗಳೇ ವ್ಯತ್ಯಸ್ತವಾಗುವ ಸಂಭವವೂ ಉಂಟು. ದೀರ್ಘವಾದ ವಿಳಂಬಗಳಲ್ಲಿ ದೋಷವು ಹೆಚ್ಚೆಂಬುದು ಲೆಕ್ಕದಿಂದಲೇ ಸಿದ್ಧ. ಇಂತಿರುವಲ್ಲಿ ‘ಎಂಟು ಮಿಲಿಸೆಕೆಂಡಿಗಿಂತ ಹೆಚ್ಚು ಅಂತರವಿತ್ತು’ ಎಂಬುದು ಸಂಕಲ್ಪದ ವರ್ಣನೆಯೇ ಹೊರತು ಸಂಭವಿಸಿದುದರ ವರ್ಣನೆಯಲ್ಲ.

ವಿದ್ಯುನ್ಮಾನ ಡಿಟೊನೇಟರುಗಳು ಬಳಕೆಗೆ ಬಂದಮೇಲೆ ಈ ದೋಷವು ಬಹಳಮಟ್ಟಿಗೆ ಹೋಗಿದೆ. ಒಂದೊಂದು ಕುಳಿಗೂ ಒಂದೊಂದು ಮಿಲಿಸೆಕೆಂಡಿನ ಎಣಿಕೆಯಲ್ಲಿ ಕಾಲವನ್ನು ಗೊತ್ತುಪಡಿಸಬಹುದು. ಅದು ಹೆಚ್ಚುಕಡಮೆಯಿಲ್ಲದೆ ನಡೆಯುತ್ತದೆ. ಇದರಿಂದ ೧೯೮೦ರ ದಶಕದಲ್ಲಿ ಬೆಳೆದ ಒಂದು ವಿಧಾನವು ನಿಜವಾಗಿ ಪ್ರಯೋಜನಕ್ಕೆ ಬಂದಿತು. ಮೊದಲು ಒಂದೇ ಕುಳಿಯನ್ನು ಸಿಡಿಸಿ ಅದರ ಕಂಪವನ್ನು ದೂರು ಬಂದ ಮನೆಯ ಬಳಿಯಲ್ಲಿಯೇ ಬರೆದುಕೊಳ್ಳುವುದು. ಆ ನೆಲದ ಹಸ್ತಾಕ್ಷರವೆಂಬಂತಿರುವ ಆ ಬರೆಹವನ್ನು ಹಲವು ಅಂತರಗಳಲ್ಲಿ ಲೆಕ್ಕದ ಮೂಲಕ ಕೂಡಿಸಿ ನೋಡಿ, ಮನೆಗೆ ಅತ್ಯಲ್ಪವಾದ ಕಂಪವನ್ನು ಕೊಡುವ ಕಾಲವಿನ್ಯಾಸವನ್ನು ಆರಿಸುವುದು. ಹಿಂದೆ ಸಿಡಿದ ಕುಳಿಯು ಬಂಡೆಯನ್ನು ಒಡೆದು ಮುಂದಿನ ಅಲೆಯ ಮಾರ್ಗವನ್ನೇ ಬದಲಾಯಿಸುವುದರಿಂದ ಇದೂ ದೋಷರಹಿತವಲ್ಲ. ಆದರೂ ಆ ನೆಲವನ್ನೇ ಕೇಳಿ, ಆ ಮನೆಯ ಬಳಿಯೇ ಉತ್ತರವನ್ನು ಪಡೆಯುತ್ತದೆಂಬ ಗುಣವು ಇದಕ್ಕುಂಟು.

ಇಲ್ಲಿ ಗಣಿಯವರ ಪಕ್ಷವನ್ನೂ ಹೇಳದಿದ್ದರೆ ವಿಮರ್ಶೆಯು ಏಕಪಕ್ಷೀಯವಾದೀತು. ಅಂತರವು ತೀರ ಅಲ್ಪವಾದರೆ ಮುಂದಿನ ಸಾಲಿನ ಬಂಡೆಯು ಸರಿದು ಎಡೆಗೊಡುವ ಮೊದಲೇ ಹಿಂದಿನ ಸಾಲು ಸಿಡಿಯುತ್ತದೆ. ಸೆರೆಯಲ್ಲಿರುವ ಮದ್ದು ಕಲ್ಲನ್ನು ಒಡೆಯದೆ ನೆಲವನ್ನೇ ಹೆಚ್ಚಾಗಿ ಅಲುಗಿಸುತ್ತದೆ. ಅಂತರವು ತೀರ ಅಧಿಕವಾದರೆ ಒಡೆದ ಬಂಡೆಯು ಸರಿಯುವಾಗ ಇನ್ನೂ ಸಿಡಿಯದ ಕುಳಿಗಳು ಕಡಿದುಹೋಗಿ ಮದ್ದು ಹಾಗೆಯೇ ಉಳಿಯಬಹುದು. ಅದು ಕೆಲಸಗಾರರಿಗೆ ಮೃತ್ಯುಪ್ರಾಯ. ಕಲ್ಲು ಒಡೆಯುವ ಪ್ರಮಾಣ, ಕೆಲಸಗಾರರ ರಕ್ಷಣೆ, ಊರಿನ ನೆಮ್ಮದಿ ಮೂರನ್ನೂ ನೋಡಿಯೇ ಕಾಲವನ್ನು ನಿಶ್ಚಯಿಸಬೇಕಾಗುತ್ತದೆ. ವಿದ್ಯುನ್ಮಾನ ಡಿಟೊನೇಟರಿಗೆ ಬೆಲೆಯೂ ಹೆಚ್ಚು. ಸಣ್ಣ ಗಣಿಗೆ ಸುಲಭವಾಗಿ ಪಾಲಿಸಬಲ್ಲ ಒಂದು ನಿಯಮ ಬೇಕೆಂಬ ವಾದದಲ್ಲಿ ಸತ್ಯಾಂಶವಿದೆ.

೭

ಈ ವಾದಕ್ಕೆ ಸಮಾಧಾನವು ಉತ್ಸರ್ಗಾಪವಾದನ್ಯಾಯದಲ್ಲಿದೆ. ಎಂಟು ಮಿಲಿಸೆಕೆಂಡಿನ ಸೂತ್ರವು ಉತ್ಸರ್ಗವಾಗಿ, ಎಂದರೆ ಸಾಮಾನ್ಯನಿಯಮವಾಗಿ, ಇರಲಿ. ಮಂದಕಂಪದ ನೆಲ, ಸಮೀಪದ ವಾಸದ ಮನೆ, ಪ್ರಾಚೀನ ಕಟ್ಟಡ ಇವು ಅಪವಾದದ ವಿಷಯಗಳಾಗಲಿ. ವಿಶೇಷವಿಧಿಯಿರುವಲ್ಲಿ ಸಾಮಾನ್ಯವಿಧಿಯು ತಾನಾಗಿ ಹಿಂದೆ ಸರಿಯುವುದು.

ಭಾರತದ ನಿಯಮವು ಈ ಮಾರ್ಗವನ್ನೇ ಹಿಡಿದಿದೆಯೆಂಬುದು ಗಮನಿಸತಕ್ಕುದು. ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ೧೯೯೭ರಲ್ಲಿ ಹೊರಡಿಸಿದ ಸುತ್ತೋಲೆಯು ಕಂಪದ ಆವೃತ್ತಿಯನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ: ಸೆಕೆಂಡಿಗೆ ೮ಕ್ಕೆ ಕಡಮೆ, ೮ರಿಂದ ೨೫, ೨೫ಕ್ಕೆ ಮೇಲ್ಪಟ್ಟುದು. ಗಣಿಯ ಒಡೆಯನಿಗೆ ಸೇರದ ವಾಸದ ಮನ���ಗಳಿಗೆ ಕ್ರಮವಾಗಿ ಸೆಕೆಂಡಿಗೆ ೫, ೧೦, ೧೫ ಮಿಲಿಮೀಟರು ವೇಗದ ಮಿತಿ. ಐತಿಹಾಸಿಕ ವಸ್ತುಗಳಿಗೂ ನಾಜೂಕಾದ ಕಟ್ಟಡಗಳಿಗೂ ೨, ೫, ೧೦ ಮಿಲಿಮೀಟರು. ಕಂಪವು ಮಂದವಾದಷ್ಟೂ, ಕಟ್ಟಡವು ಹಳೆಯದಾದಷ್ಟೂ ಮಿತಿಯು ಬಿಗಿಯಾಗುತ್ತದೆ. ಇದು ಫಲವನ್ನು ಮನೆಯ ಬಳಿಯಲ್ಲಿ ಅಳೆಯತಕ್ಕ ವಿಧಿ. ಕುಳಿಯ ಬಾಯಲ್ಲಿ ಅಂತರವೆಷ್ಟಿತ್ತೆಂಬುದು ಇದಕ್ಕೆ ಉತ್ತರವಾಗಲಾರದು. ಅಂತರವು ಸಾಧನ, ಈ ಮಿತಿಯು ಸಾಧ್ಯ. ಸಾಧನವನ್ನು ಅನುಷ್ಠಿಸಿದ್ದರಿಂದಲೇ ಸಾಧ್ಯವು ಸಿದ್ಧಿಸಿತೆನ್ನುವುದು ಅಡಿಗೆಗೆ ಒಲೆ ಹಚ್ಚಿದ್ದರಿಂದ ಅನ್ನವಾಯಿತೆನ್ನುವಂತೆ.

ಪ್ರಾಚೀನ ಕಟ್ಟಡಗಳ ವಿಷಯದಲ್ಲಿ ನ್ಯಾಯಸ್ಥಾನಗಳು ಇನ್ನೂ ಕಠಿಣವಾದ ದಾರಿಯನ್ನು ಹಿಡಿದಿವೆ. ರಾಜಸ್ಥಾನದ ಚಿತ್ತೋಡಗಡದ ಕೋಟೆಯ ಗೋಡೆಯಿಂದ ೫ ಕಿಲೋಮೀಟರು ವ್ಯಾಪ್ತಿಯಲ್ಲಿ ಸ್ಫೋಟದಿಂದ ಗಣಿಗಾರಿಕೆಯನ್ನು ನಡೆಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರ ಜನವರಿಯಲ್ಲಿ ತೀರ್ಪಿತ್ತಿತು. ಕನ್ನಡನಾಡಿನಲ್ಲಿ ಕೃಷ್ಣರಾಜಸಾಗರದ ಅಣೆಕಟ್ಟಿಗೆ ಬೇಬಿಬೆಟ್ಟದ ಸುತ್ತಲ ಕಲ್ಲುಗಣಿಗಳ ಸ್ಫೋಟದಿಂದ ಅಪಾಯವುಂಟೆಂಬ ಆತಂಕವು ಬಹುಕಾಲದ್ದು. ಅಣೆಕಟ್ಟಿನ ಸುತ್ತ ೨೦ ಕಿಲೋಮೀಟರಿನೊಳಗೆ, ತಜ್ಞರ ಅಧ್ಯಯನವು ಮುಗಿಯುವ ತನಕ, ಗಣಿಗಾರಿಕೆಯನ್ನು ತಡೆದು ರಾಜ್ಯದ ಉಚ್ಚ ನ್ಯಾಯಾಲಯವು ಅದೇ ತಿಂಗಳಿನಲ್ಲಿ ಆಜ್ಞೆ ಮಾಡಿತು.

ಈ ಆಜ್ಞೆಗಳು ಮಿಲಿಸೆಕೆಂಡುಗಳನ್ನು ಬಿಟ್ಟು ಕಿಲೋಮೀಟರುಗಳನ್ನು ಹಿಡಿದಿವೆ. ಕಾಲದಿಂದ ಬಗೆಹರಿಯಬಹುದಾದುದನ್ನು ದೂರದಿಂದ ಬಗೆಹರಿಸುವುದು ಸ್ಥೂಲವಾದ ಉಪಾಯವೆಂದು ಗಣಿಶಾಸ್ತ್ರಜ್ಞರಿಗೆ ಅನಿಸಬಹುದು. ಆದರೆ ಎರಡು ವಿಷಯಗಳನ್ನು ಮರೆಯಬಾರದು. ಕೋಟೆಯಾಗಲಿ ಅಣೆಕಟ್ಟಾಗಲಿ ಒಮ್ಮೆ ಕೆಟ್ಟರೆ ಮರಳಿ ಬರತಕ್ಕುದಲ್ಲ. ಅದಲ್ಲದೆ, ಕಾಲದ ಮಾತನ್ನು ಆಡಿದವರು ಅದನ್ನು ಅಳೆದು ತೋರಿಸದೆ ಸೂತ್ರವನ್ನು ಮಾತ್ರ ಪಠಿಸಿದರೆ ಕೇಳುವವರಿಗೆ ಕಾಲದಲ್ಲಿಯೇ ನಂಬಿಕೆ ಹೋಗುವುದು ಸಹಜ. ಸೂಕ್ಷ್ಮವಾದ ಉಪಾಯವು ತನ್ನ ಸೂಕ್ಷ್ಮತೆಯನ್ನು ಕಾಪಾಡಿಕೊಳ್ಳದಿದ್ದರೆ ಸ್ಥೂಲವಾದ ಉಪಾಯವು ಅದರ ಸ್ಥಾನವನ್ನು ಆಕ್ರಮಿಸುತ್ತದೆ.

೮

ನಿಗಮನವಾಗಿ ಹೇಳತಕ್ಕುದು ಇಷ್ಟು. ಎಂಟು ಮಿಲಿಸೆಕೆಂಡಿನ ವಾಕ್ಯವು ಮದ್ದಿನ ತೂಕವನ್ನು ಎಣಿಸುವ ಸಂಜ್ಞಾಸೂತ್ರ, ಕಂಪವಿಲ್ಲವೆಂಬುದಕ್ಕೆ ಪ್ರಮಾಣವಲ್ಲ. ಗಟ್ಟಿಬಂಡೆಯ ಶೀಘ್ರಕಂಪದಲ್ಲಿ ಅದಕ್ಕೆ ಬಲವುಂಟು. ಮಂದಕಂಪದ ನೆಲದಲ್ಲಿ ಆ ಬಲವು ಕುಂದುತ್ತದೆ. ಗಾಳಿಯ ವಿಷಯದಲ್ಲಿ ಅದು ಮೂಕ. ಅಲ್ಲಿ ಕುಳಿಗಳ ಎಡೆಯೂ ಸ್ಫೋಟದ ದಿಕ್ಕೂ ಪ್ರಧಾನ. ಬರೆದ ಕಾಲವೂ ನಡೆದ ಕಾಲವೂ ಒಂದೇ ಎಂಬುದನ್ನು ಡಿಟೊನೇಟರಿನ ಗುಣದಿಂದ ಸ್ಥಾಪಿಸಬೇಕು, ಊಹಿಸಬಾರದು.

ಸೂತ್ರವನ್ನು ಬಿಡಬೇಕೆಂದು ಇದರ ಅಭಿಪ್ರಾಯವಲ್ಲ. ಅದರ ಮೂಲವನ್ನು ಕಂಡ ಪರೀಕ್ಷಕರು ತಮಗೆ ಕಂಡಷ್ಟನ್ನು, ಕಂಡ ಜಾಗದ ಹೆಸರಿನೊಡನೆ, ಪರೀಕ್ಷಿಸಿದ ಅಂತರಗಳ ಸಂಖ್ಯೆಯೊಡನೆ ಬರೆದಿಟ್ಟರು. ಅವರ ಗ್ರಂಥದಲ್ಲಿ ದೋಷವಿಲ್ಲ. ಜಾಗವನ್ನೂ ಸಂಖ್ಯೆಯನ್ನೂ ಬಿಟ್ಟು ವಾಕ್ಯವೊಂದನ್ನೇ ಹೊತ್ತುಕೊಂಡು ಹೋದವರ ಪಾಠದಲ್ಲಿ ದೋಷವಿದೆ. ಗೋಡೆ ಬಿರಿದಿತೆಂದು ಹೇಳುವವನಿಗೆ ಕೊಡಬೇಕಾದ ಉತ್ತರವು ಆ ಗೋಡೆಯ ಬಳಿ ಅಳೆದ ವೇಗ, ಆವೃತ್ತಿ, ಒತ್ತಡಗಳ ಬರೆಹ. ಅದನ್ನು ತೋರಿಸಿದಮೇಲೆ ಸೂತ್ರವನ್ನು ಹೇಳಿದರೆ ಅದಕ್ಕೆ ಅರ್ಥವುಂಟು.